ಚೌಡಪ್ಪ ಬಿಟ್ಟುಹೋದ ಟವೆಲ್ಲು

ಚೌಡಪ್ಪನ ಟವೆಲ್ಲು ಹತ್ತೊಂಬತ್ತು ದಿನ ವಿಠ್ಠಲನ ಮನೆಯ ಗೂಟದ ಮೇಲಿತ್ತು. ಕೆಂಪು ಚೌಕಡಿ, ಒಂದು ಅಂಚು ಬಿಚ್ಚಿಕೊಂಡದ್ದು, ಎಷ್ಟು ಒಗೆದರೂ ದನದ ವಾಸನೆ ಬಿಡದ್ದು. ಇಪ್ಪತ್ತನೆಯ ದಿನ ಬೆಳಿಗ್ಗೆ ದುಂಡಸಿಯಿಂದ ಫೋನ್ ಬಂತು. ಎತ್ತಿಗೆ ಮೇವು ಹಾಕಲು ಬಗ್ಗಿದ ಚೌಡಪ್ಪ ಅಲ್ಲೇ ಗೋದಲಿಗೆ ತಲೆ ಕೊಟ್ಟು ಒರಗಿದ್ದನಂತೆ. ಎಬ್ಬಿಸಲು ಹೋದರೆ ಏಳಲಿಲ್ಲವಂತೆ.

ವಿಠ್ಠಲ ಫೋನ್ ಕೆಳಗಿಟ್ಟು ಗೂಟದ ಕಡೆ ನೋಡಿದ. ಮೂವತ್ತೊಂದು ವರ್ಷದ ಗೆಳೆತನದಲ್ಲಿ ಅವನು ಚೌಡಪ್ಪನಿಗೆ ಆಡಿದ ಕೊನೆಯ ಮಾತು ಒಂದು ಆರೋಪ. ಅದೂ ಒಂದು ಆಟದ ಸಲುವಾಗಿ. ಆ ಆರೋಪ ನಿಜವೋ ಸುಳ್ಳೋ ಅವನಿಗೆ ಆಗಲೂ ಗೊತ್ತಿರಲಿಲ್ಲ. ಗೊತ್ತಾಗಲಿ ಎಂದು ಕಾಯದೆ ಅದನ್ನು ವಾಪಸ್ಸು ತೆಗೆದುಕೊಳ್ಳಬೇಕಿತ್ತು ಎಂಬುದು ಮಾತ್ರ ಆ ಗಳಿಗೆಯಲ್ಲಿ ಗೊತ್ತಾಯಿತು.

ವಿಠ್ಠಲ ಶಿಗ್ಗಾವಿ ತಾಲೂಕಿನಲ್ಲಿ ಜಾನುವಾರು ಪರೀಕ್ಷಕನಾಗಿದ್ದವನು. ಕಾಗದದಲ್ಲಿ ಡಾಕ್ಟರ್ ಅಲ್ಲ, ಆದರೆ ಊರವರ ಬಾಯಲ್ಲಿ ನೌಕರಿಯ ಮೊದಲ ದಿನದಿಂದಲೂ ಡಾಕ್ಟರ್. ಅಜ್ಜ, ಮುತ್ತಜ್ಜ ಶಾಸ್ತ್ರಪಾಠ ಹೇಳಿದ ಮನೆತನ. ಇವನು ಎಮ್ಮೆಯ ಬಾಯಿಗೆ ಕೈ ಹಾಕುವ ಕೆಲಸಕ್ಕೆ ಸೇರಿದಾಗ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಲಸಿಕೆ ಹಾಕಲು ಊರೂರು ತಿರುಗುವಾಗ ದನಗಳನ್ನು ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸುವುದು ಅವನ ರೂಢಿ. ಬಲಗೈಯಲ್ಲಿ ಸೂಜಿ ಇರುತ್ತಿತ್ತು, ಎಣಿಕೆ ಎಡಗೈಯ ಪಾಲಿಗೆ. ನಿವೃತ್ತನಾದ ಮೇಲೂ ಬದನೆಕಾಯಿ, ಮೆಟ್ಟಿಲು, ಬಸ್ಸಿಗೆ ಕಾದು ನಿಂತ ಜನ, ಎಲ್ಲವನ್ನೂ ಹಾಗೇ ಎಣಿಸುತ್ತಿದ್ದ. ಎಣಿಸುತ್ತಿದ್ದೇನೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ.

ಚೌಡಪ್ಪ ದುಂಡಸಿಯವನು, ದನದ ದಲಾಲಿ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಎತ್ತಿನ ಹಲ್ಲು ನೋಡದೆ ಅದರ ನಡಿಗೆಯಿಂದಲೇ ವಯಸ್ಸು ಹೇಳುತ್ತಿದ್ದ. ಇಬ್ಬರೂ ಮೊದಲು ಭೇಟಿಯಾದದ್ದು ಸಂತೆಯಲ್ಲಿ. ಅಲ್ಲಿ ಬಾಯಿಬಿಟ್ಟು ದರ ಹೇಳುವ ಪದ್ಧತಿ ಇರಲಿಲ್ಲ. ದಲಾಲಿ ನಡುವೆ ನಿಂತು, ಕೈಮೇಲೆ ಟವೆಲ್ಲು ಹರವಿ, ಅದರ ಕೆಳಗೆ ಒಬ್ಬೊಬ್ಬರದೇ ಬೆರಳು ಹಿಡಿಯುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಎರಡು ಹಿಡಿದರೆ ಎರಡು. ಮಾರುವವನು ಎಲ್ಲಿಯವರೆಗೆ ಇಳಿದಾನು, ಕೊಳ್ಳುವವನು ಎಲ್ಲಿಯವರೆಗೆ ಏರಿಯಾನು ಎಂಬುದು ದಲಾಲಿ ಒಬ್ಬನಿಗೇ ಗೊತ್ತು. ಒಬ್ಬನ ಬೆರಳನ್ನು ಇನ್ನೊಬ್ಬನಿಗೆ ತಿಳಿಸಿದ ದಲಾಲಿಯ ಟವೆಲ್ಲಿನ ಕೆಳಗೆ ಮರು ಸಂತೆಯಲ್ಲಿ ಯಾರೂ ಕೈ ಇಡುತ್ತಿರಲಿಲ್ಲ.

ಆ ದಿನ ಒಂದು ಜೋಡಿ ಎತ್ತಿನ ವ್ಯವಹಾರ ಮುರಿದುಬಿತ್ತು. ಕೊಳ್ಳಲು ಬಂದವನು ಬೈಯುತ್ತ ಹೊರಟ. ಚೌಡಪ್ಪನೂ ಟವೆಲ್ಲನ್ನು ಎತ್ತಿನ ಬೆನ್ನ ಮೇಲೆ ಹಾಕಿ ಚಹಾದಂಗಡಿಯ ಕಡೆ ನಡೆದ. ಅಲ್ಲೇ ದನಗಳ ತಪಾಸಣೆ ಮಾಡುತ್ತಿದ್ದ ವಿಠ್ಠಲ ಹಿಂದಿನಿಂದ ಕೂಗಿದ.

"ಏ ದಲಾಲಿ, ಟವೆಲ್ಲ ಬಿಟ್ಟ ಹೊಂಟಿ ನೋಡು."

"ಬಿಟ್ಟಿಲ್ರಿ, ಇಟ್ಟೇನಿ. ಮಾತ ಇನ್ನ ಮುಗದಿಲ್ಲ. ಮುಗದಿದ್ರ ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡ ಹೋಗತಿದ್ದೆ. ಬರ್ರಿ ಡಾಕ್ಟರ್‌ಸಾಹೇಬ್ರ, ಚಾ ಕುಡಿಯೂಣ."

ಎರಡು ಕಪ್ಪು ಚಹಾ ಮುಗಿಯುವುದರೊಳಗೆ, ಬೈಯುತ್ತ ಹೋಗಿದ್ದವನು ಮತ್ತೆ ಎತ್ತಿನ ಪಕ್ಕಕ್ಕೆ ಬಂದು ನಿಂತಿದ್ದ.

ಅಲ್ಲಿಂದ ಗೆಳೆತನ ಬೆಳೆಯಿತು. ಚೌಡಪ್ಪ ಶಿಗ್ಗಾವಿಗೆ ಬಂದಾಗಲೆಲ್ಲ ವಿಠ್ಠಲನ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದ. ಕಟ್ಟೆಯ ಮೇಲೆಯೇ. ವಿಠ್ಠಲನ ಹೆಂಡತಿ ಸುಮನಬಾಯಿ ಅವಲಕ್ಕಿ, ಚಹಾ ಅಲ್ಲಿಗೇ ತಂದುಕೊಡುತ್ತಿದ್ದಳು. ಒಳಗೆ ಬಾ ಎಂದು ವಿಠ್ಠಲ ಕರೆದಿರಲಿಲ್ಲವೆಂದಲ್ಲ. ಎರಡು ಸಲ ಕರೆದಿದ್ದ. ಎರಡು ಸಲವೂ ಚೌಡಪ್ಪ "ಇಲ್ಲೇ ಗಾಳಿ ಚೊಲೊ ಐತ್ರಿ" ಅಂದಿದ್ದ. ಮೂರನೆಯ ಸಲ ವಿಠ್ಠಲ ಕರೆಯಲಿಲ್ಲ. ಹಾಗೆ ಇಪ್ಪತ್ತೆಂಟು ವರ್ಷ ಕಳೆದವು.

ಅದನ್ನು ಮುರಿದದ್ದು ಒಂದು ರಟ್ಟಿನ ಡಬ್ಬಿ.

ವಿಠ್ಠಲನ ಮಗಳು ಸುಮೇಧಾ ಹಾನಗಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅವಳ ಜೊತೆ ಕೆಲಸ ಮಾಡುವ ದಿಲ್ಶಾದಳ ಮನೆ ಸವಣೂರಿನಲ್ಲಿ. ಹಬ್ಬದ ಊಟಕ್ಕೆಂದು ಅಲ್ಲಿಗೆ ಹೋದ ಸುಮೇಧಾ ಊಟವಾದ ಮೇಲೆ ಅವರು ಹಾಸಿದ ಹೊಸ ಆಟಕ್ಕೆ ಕೂತು ಐದರ ಬಸ್ಸು ಬಿಟ್ಟಳು, ಆರರದನ್ನೂ ಬಿಟ್ಟಳು. ಮುಂದಿನ ತಿಂಗಳು ಅದೇ ಆಟದ ಡಬ್ಬಿ ತರಿಸಿ, ಒಂದು ಐತವಾರ ಕಟ್ಟೆಯ ಮೇಲೆ ಬಿಚ್ಚಿದಳು. ಆರು ಮೂಲೆಯ ರಟ್ಟಿನ ತುಂಡುಗಳನ್ನು ಜೋಡಿಸಿದರೆ ಒಂದು ದ್ವೀಪ. ದಾಳ ಬಿದ್ದಂತೆ ಕಾಡಿನಿಂದ ಕಟ್ಟಿಗೆ, ಹೊಲದಿಂದ ಕಾಳು, ಗುಡ್ಡದಿಂದ ಕಲ್ಲು, ಕೆಮ್ಮಣ್ಣಿನಿಂದ ಇಟ್ಟಿಗೆ, ಹೀಗೆ ಐದು ಬಗೆಯ ಸರಕಿನ ಕಾರ್ಡುಗಳು ಕೈಗೆ ಬರುತ್ತವೆ. ಅವುಗಳಿಂದ ದಾರಿ, ಮನೆ, ಮನೆಯ ಮೇಲೆ ಮಾಳಿಗೆ ಕಟ್ಟಬೇಕು. ಮೊದಲು ಹತ್ತು ಅಂಕ ಮಾಡಿದವರು ಗೆದ್ದಂತೆ.

"ಪಗಡಿ ಇದ್ದಂಗ ಏನವಾ ಇದು?" ಎಂದು ಚೌಡಪ್ಪ ಕೇಳಿದ.

"ಅಲ್ಲ ಕಾಕಾ. ಇದರಾಗ ಕಾಯಿ ಕಡಿಯೋದಿಲ್ಲ. ನಿಮ್ಮ ಕಡೆ ಇಲ್ಲದ್ದನ್ನ ಇನ್ನೊಬ್ಬರ ಕಡೆ ಕೇಳಿ ತಗೋಬೇಕು, ನಿಮ್ಮದನ್ನ ಕೊಡಬೇಕು."

"ಹಂಗಾರ ಸಂತಿ ಅನ್ನು."

ಆಷಾಢದ ಗಾಳಿ. ಎರಡನೆಯ ಸುತ್ತಿಗೇ ಕಾರ್ಡುಗಳು ಗಟಾರದ ಕಡೆ ಹಾರಿದವು. ಸುಮೇಧಾ ಆರಿಸಿಕೊಂಡು ಬಂದವಳೇ ಆಟದ ಹಲಗೆಯನ್ನು ಎತ್ತಿಕೊಂಡು ಒಳಗೆ ನಡೆದಳು. ವಿಠ್ಠಲ ಹಿಂದೆ ಹೋದ. ಚೌಡಪ್ಪ ಕೈಯಲ್ಲಿ ಐದು ಕಾರ್ಡು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತ.

"ಬಾರಪಾ ಚೌಡಪ್ಪ, ನಿನ್ನ ಪಾಳಿ ಅದ ಅಂತ," ಎಂದು ಸುಮನಬಾಯಿ ಒಳಗಿನಿಂದ ಕರೆದಳು.

ಅವನು ಚಪ್ಪಲಿ ಬಿಟ್ಟು, ಟವೆಲ್ಲಿನಿಂದ ಪಾದ ಒರೆಸಿಕೊಂಡು ಒಳಗೆ ಬಂದ. ಇಪ್ಪತ್ತೆಂಟು ವರ್ಷ ತನ್ನ ಬಾಯಿಂದ ಆಗದ್ದು ಗಾಳಿಯಿಂದ ಆಯಿತಲ್ಲ ಎಂದು ವಿಠ್ಠಲನಿಗೆ ನಾಚಿಕೆಯಾಯಿತು.

ಮುಂದೆ ಐತವಾರವೆಂದರೆ ಆಟ. ಚೌಡಪ್ಪ ಚಾಪೆಯ ಮೇಲೆ ಯಾವಾಗಲೂ ವಿಠ್ಠಲನ ಎಡಕ್ಕೇ ಕೂರುತ್ತಿದ್ದ. ಬೇರೆ ಯಾರಾದರೂ ಅಲ್ಲಿ ಕೂತರೆ "ಏಳ್ರಿ, ಅದು ನನ್ನ ಕುರ್ಚಿ" ಎಂದು ಎಬ್ಬಿಸುತ್ತಿದ್ದ. ಆಟದ ನಿಯಮವನ್ನೆಲ್ಲ ಒಂದೇ ಸಲಕ್ಕೆ ಕಲಿತ, ಆದರೆ ಮನೆ ಮಾತ್ರ ಕಟ್ಟಲಿಲ್ಲ. ಇಬ್ಬರ ನಡುವೆ ಅದಲುಬದಲು ನಡೆಯುವಾಗ ನಡುವೆ ಟವೆಲ್ಲು ಹರವಿ, ಬೆರಳು ಹಿಡಿದು, ಕುದುರಿಸಿ ಕೊಟ್ಟು, ಇಬ್ಬರಿಂದಲೂ ಒಂದೊಂದು ಕಾರ್ಡು ಇಸಿದುಕೊಳ್ಳುತ್ತಿದ್ದ.

"ಕಾಕಾ, ರೂಲ್ಸ್ ಒಳಗ ದಲಾಲಿ ಇಲ್ಲ. ಎಲ್ಲಾರಿಗೂ ಕೇಳೋ ಹಂಗ ಬಾಯಿಬಿಟ್ಟು ಕೇಳಬೇಕು."

"ಬಾಯಿಬಿಟ್ಟು ಕೇಳಿದ್ರ ಅದು ವ್ಯಾಪಾರ ಅಲ್ಲವಾ, ಜಗಳ."

"ನೀವು ಮನಿ ಕಟ್ಟಿದ್ರ ಗೆಲ್ತೀರಿ."

"ನಾ ಗೆದ್ದು ಏನ ಮಾಡ್ಲಿ. ಎಲ್ಲಾರ ಮನಿನೂ ನಾನ ಕಟ್ಟಿಸಿಕೊಟ್ಟೇನಿ, ಅಷ್ಟ ಸಾಕು."

ಸುಮೇಧಾ ನಿಯಮದ ಪುಸ್ತಕ ಮುಚ್ಚಿಟ್ಟಳು. ಟವೆಲ್ಲು ಆ ಮನೆಯ ನಿಯಮವಾಯಿತು.

ತಿಂಗಳು ಕಳೆಯುವುದರೊಳಗೆ ಚೌಡಪ್ಪನ ಹೆಂಡತಿ ಶಾರವ್ವ ಬಂದಳು. ಹುಲಗೂರು, ಶಿಗ್ಗಾವಿ ಸಂತೆಗಳಲ್ಲಿ ಕಾಯಿಪಲ್ಲೆ ಮಾರುವವಳು. "ಐತವಾರ ಐತವಾರ ಎಲ್ಲಿ ಹಾಳಾಗಿ ಹೋಗ್ತಾನ ಅಂತ ನೋಡಾಕ ಬಂದೇನ್ರಿ," ಎಂದು ಸುಮನಬಾಯಿಯ ಪಕ್ಕ ಕೂತವಳು, ಮರುವಾರ ತಾನೇ ಕಾರ್ಡು ಹಿಡಿದಳು. ಸುಮನಬಾಯಿ ಮಾತ್ರ ಆಡಲಿಲ್ಲ. ಕೂತಲ್ಲಿಂದಲೇ ಎಲ್ಲರ ಕಾರ್ಡು ನೋಡಿ ನಗುತ್ತಿದ್ದಳು.

ಮೂರು ವರ್ಷದಲ್ಲಿ ಇನ್ನೂ ನಾಲ್ಕು ಡಬ್ಬಿ ಬಂದವು. ರೈಲು ಹಳಿ ಹಾಸುವುದು ಒಂದು. ಎಲ್ಲರೂ ಒಂದೇ ಪಕ್ಷವಾಗಿ ರೋಗ ಹರಡದಂತೆ ತಡೆಯುವುದು ಇನ್ನೊಂದು. ಅದನ್ನು ಚೌಡಪ್ಪ ಒಪ್ಪಲಿಲ್ಲ. "ಎಲ್ಲಾರೂ ಕೂಡೇ ಸೋತ್ರ ಬೈಯೂದು ಯಾರನ್ನ?" ಎಂದ. ತಿರುಗಿ ತಿರುಗಿ ಅವರು ದ್ವೀಪಕ್ಕೇ ಬರುತ್ತಿದ್ದರು. ವಿಠ್ಠಲ ಚಿಕ್ಕಂದಿನಲ್ಲಿ ಪಗಡೆ ಕಂಡವನು, ನೌಕರಿಯಲ್ಲಿ ಇಸ್ಪೀಟು ಕಂಡವನು. ಅಲ್ಲಿ ಸೋತವನು ಎದ್ದು ಹೋಗುತ್ತಾನೆ, ಉಳಿದವರು ಆಡುತ್ತಾರೆ. ಇಲ್ಲಿ ಕೊನೆಯವರೆಗೆ ಯಾರೂ ಏಳುವಂತಿರಲಿಲ್ಲ. ಸೋತವನದೂ ಎರಡು ಮನೆ ಹಲಗೆಯ ಮೇಲೆ ನಿಂತಿರುತ್ತಿದ್ದವು. ಇನ್ನೊಂದು ಸಂಗತಿ ಅವನಿಗೆ ನಿಧಾನವಾಗಿ ಹೊಳೆಯಿತು. ಸರಕಾರಿ ಮನುಷ್ಯನಾಗಿ ಅವನನ್ನು ಜನ ಕೇಳುತ್ತಿದ್ದರು, ಅವನು ಕೊಡುತ್ತಿದ್ದ. ಚೌಡಪ್ಪನ ಬಳಿ ಅವನು ಏನನ್ನೂ ಕೇಳಿದ್ದಿಲ್ಲ. ಅರವತ್ತು ದಾಟಿದ ಮೇಲೆ ಚಾಪೆಯ ಮೇಲೆ ಕೂತು "ಒಂದ ಇಟ್ಟಂಗಿ ಕೊಡಸೋ ಚೌಡಪ್ಪ" ಎಂದು ಕೈ ಚಾಚುವುದನ್ನು ಕಲಿತ. ಟವೆಲ್ಲಿನ ಕೆಳಗೆ ಆ ಕೈಯನ್ನು ಹಿಡಿಯುತ್ತಿದ್ದದ್ದು ದೊರಗು ಬೆರಳುಗಳ, ಬೆಚ್ಚನೆಯ, ಯಾವ ಆತುರವೂ ಇಲ್ಲದ ಕೈ.

ಜಗಳವಾದ ಐತವಾರ ಚೌಡಪ್ಪ ತನ್ನ ಜಾಗದಲ್ಲಿ ಕೂರಲಿಲ್ಲ. ಯಾಕೋ ಬೆನ್ನು ಹಿಡಿದಿದೆ ಎಂದು ಎದುರಿನ ಗೋಡೆಗೆ ಒರಗಿದ. ಖಾಲಿಯಾದ ಎಡಗಡೆಯ ಜಾಗಕ್ಕೆ ಶಾರವ್ವ ಬಂದಳು. ಆಟ ಬಿಗಿಯಾಗಿತ್ತು. ಶಾರವ್ವನದು ಒಂಬತ್ತು ಅಂಕ, ವಿಠ್ಠಲನದು ಎಂಟು. ಮಾಳಿಗೆ ಏರಿಸಿದರೆ ಅವನೂ ಒಂಬತ್ತಕ್ಕೆ ಬರುತ್ತಿದ್ದ. ಅದಕ್ಕೊಂದು ಕಲ್ಲು ಬೇಕು, ಕಲ್ಲು ಇದ್ದದ್ದು ಶಾರವ್ವನ ಹತ್ತಿರ. ಚೌಡಪ್ಪ ಮುಂದೆ ಬಾಗಿ ಟವೆಲ್ಲು ಹರವಿದ. ಅದರ ಕೆಳಗೆ ವಿಠ್ಠಲ ತನ್ನ ಕೊನೆಯ ಮಿತಿಯನ್ನು ಬೆರಳಲ್ಲೇ ಹೇಳಿದ: ನಾಲ್ಕು ಕಾಳಿನ ಕಾರ್ಡು. ಎರಡರಿಂದ ಶುರು ಮಾಡು, ನಾಲ್ಕು ದಾಟಬೇಡ.

ಚೌಡಪ್ಪ ಶಾರವ್ವನ ಕೈ ಹಿಡಿದ. ಅವಳು ಎರಡಕ್ಕೆ ತಲೆ ಅಲ್ಲಾಡಿಸಿದಳು. ಮೂರಕ್ಕೂ ಅಲ್ಲಾಡಿಸಿದಳು. ಆಮೇಲೆ ಟವೆಲ್ಲು ಸರಿಸಿ, ಬಾಯಿಬಿಟ್ಟೇ ಹೇಳಿದಳು: "ನಾಕ ಕೊಟ್ರ ಕೊಡ್ತೇನಿ. ಅದಕ್ಕಿಂತ ಒಂದ ಕಡಿಮಿನೂ ಬ್ಯಾಡ, ಒಂದ ಹೆಚ್ಚೂ ಬ್ಯಾಡ."

ವಿಠ್ಠಲ ಕೊಟ್ಟ. ಮಾಳಿಗೆ ಏರಿಸಿದ. ಮುಂದಿನ ಪಾಳಿ ಶಾರವ್ವನದು. ಆ ನಾಲ್ಕು ಕಾಳಿನಿಂದಲೇ ಅವಳು ಹತ್ತನೆಯ ಅಂಕ ಮಾಡಿ ಆಟ ಮುಗಿಸಿದಳು. ಸುಮೇಧಾ ಚಪ್ಪಾಳೆ ತಟ್ಟಿದಳು.

"ನಾಕ ಅಂತ ಆಕಿಗೆ ಹೆಂಗ ಗೊತ್ತಾತು?" ವಿಠ್ಠಲ ಚೌಡಪ್ಪನನ್ನೇ ನೋಡುತ್ತ ಕೇಳಿದ.

"ಏನೋಪಾ. ಆಕಿನ್ನ ಕೇಳ್ರಿ."

"ನನ್ನ ಬೆರಳು ಗೊತ್ತಿದ್ದದ್ದು ನಿನಗೊಬ್ಬನಿಗೆ. ಹೆಂಡ್ತಿ ಅಂತ ಹೇಳಿಬಿಟ್ಟಿ. ಸಂತ್ಯಾಗೂ ಹಿಂಗ ಮಾಡಕೋತ ಬಂದಿಯೇನು ಇಷ್ಟ ವರ್ಷ?"

ಸುಮೇಧಾ "ಅಪ್ಪಾ" ಅಂದಳು. ಸುಮನಬಾಯಿಯ ನಗು ನಿಂತಿತು. ವಿಠ್ಠಲನಿಗೆ ಅದು ಬಾಯಿಂದ ಹೊರಬೀಳುತ್ತಿರುವಾಗಲೇ ಗೊತ್ತಿತ್ತು, ಒಬ್ಬ ದಲಾಲಿಗೆ ಹೇಳಬಹುದಾದ್ದರಲ್ಲಿ ಇದಕ್ಕಿಂತ ಕೀಳು ಮಾತು ಇನ್ನೊಂದಿಲ್ಲ ಎಂದು. ಆದರೂ ನಿಲ್ಲಿಸಲಿಲ್ಲ.

ಚೌಡಪ್ಪ "ಹಂಗಂತೀರಿ?" ಎಂದಷ್ಟೇ ಕೇಳಿದ. ಗೋಡೆ ಹಿಡಿದು ನಿಧಾನವಾಗಿ ಎದ್ದು, ಸುಮನಬಾಯಿಗೆ "ಬರ್ತೇನ್ರಿ ಅಕ್ಕಾರ" ಎಂದು ಹೇಳಿ, ಏನೋ ಹೇಳಹೊರಟ ಹೆಂಡತಿಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ. ಟವೆಲ್ಲು ಹಲಗೆಯ ಮೇಲೆ, ರಟ್ಟಿನ ದ್ವೀಪದ ಮೇಲೆ ಉಳಿಯಿತು. ಸಿಟ್ಟಿನಲ್ಲಿ ಮರೆತುಹೋಗಿದ್ದಾನೆ ಎಂದುಕೊಂಡ ವಿಠ್ಠಲ.

ಮೊದಲ ಐತವಾರ ಅವನು ಕಟ್ಟೆಯ ಮೇಲೆ ಕೂತು ದುಂಡಸಿಯ ಬಸ್ಸಿಗೆ ಕಾದ. ಬಸ್ಸು ಬಂತು, ಚೌಡಪ್ಪ ಬರಲಿಲ್ಲ. ಎರಡನೆಯ ಐತವಾರವೂ ಕಾದ. ಫೋನ್ ಮಾಡಬಹುದಿತ್ತು. ಬಂದ ಮೇಲೆ ಎದುರಿಗೆ ಹೇಳಿದರಾಯಿತು ಎಂದುಕೊಂಡ. "ಎಷ್ಟ ಸಲ ಅವನ ಬರಬೇಕು, ನೀವ ಹೋಗಿ ಬರ್ರಿ," ಎಂದು ಸುಮನಬಾಯಿ ಎರಡು ಸಲ ಹೇಳಿದಳು. ಮೂರನೆಯ ಐತವಾರ ಹೋಗುವುದೆಂದು ನಿಶ್ಚಯಿಸಿ ಟವೆಲ್ಲು ಒಗೆಸಿದ. ಫೋನ್ ಬಂದದ್ದು ಅದರ ಹಿಂದಿನ ದಿನ, ಶನಿವಾರ.

ಮಣ್ಣಿಗೆ ಹೋದಾಗ ಗದ್ದಲದಲ್ಲಿ ಶಾರವ್ವನೊಡನೆ ಮಾತಾಡಲಾಗಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ವಿಠ್ಠಲ ಟವೆಲ್ಲನ್ನು ತಾನೇ ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿಕೊಂಡು ದುಂಡಸಿಯ ಬಸ್ಸು ಹತ್ತಿದ.

ಶಾರವ್ವ ಬಾಗಿಲಲ್ಲೇ ಇದ್ದಳು. "ಒಳಗ ಬರ್ರಿ," ಎಂದಳು. ಮೂವತ್ತೊಂದು ವರ್ಷದಲ್ಲಿ ಈ ಮನೆಯ ಕೊಟ್ಟಿಗೆಗೆ ಎಷ್ಟು ಸಲ ಬಂದಿದ್ದಾನೋ ಲೆಕ್ಕವಿಲ್ಲ. ಪಡಸಾಲೆಗೆ ಬಂದದ್ದು ಅದೇ ಮೊದಲು. ಅವಳು ಚಾಪೆ ಹಾಸಿ, ನೀರು ಕೊಟ್ಟು, ಎದುರು ಕೂತಳು.

"ಇದನ್ನ ಕೊಡ್ಲಿಕ್ಕೆ ಬಂದೆ."

ಅವಳು ಪೇಪರು ಬಿಚ್ಚಿ, ಮಡಿಕೆಯ ಮೇಲೆ ಕೈಯಾಡಿಸಿದಳು. "ಇಸ್ತ್ರಿ ಮಾಡೀರಿ?"

"ಹೂಂ."

"ಇದಕ್ಕ ಇಸ್ತ್ರಿ. ಅವರ ಇದ್ದಿದ್ರ ಊರ ತುಂಬ ಹೇಳಕೋತ ಅಡ್ಡಾಡತಿದ್ರು."

ಕ್ಷಮೆ ಕೇಳಬೇಕೆಂದು ಬಂದಿದ್ದ ವಿಠ್ಠಲನ ಬಾಯಿಂದ ಬಂದದ್ದು ಬೇರೆಯೇ ಮಾತು. "ಶಾರವ್ವಾ, ಸಿಟ್ಟಿಗೇಳಬ್ಯಾಡ. ನಾಕ ಅಂತ ಅವ ನಿನಗ ಹೇಳಿದ್ನೇನು? ಹೇಳಿದ್ರೂ ತಪ್ಪು ನಂದ. ಆದ್ರೂ ಕೇಳ್ತೇನಿ."

ಶಾರವ್ವ ಅವನ ತೊಡೆಯ ಕಡೆ ಬೆರಳು ತೋರಿಸಿದಳು. "ಎಡಗೈ ನೋಡಕೋರಿ."

ಅವನ ಹೆಬ್ಬೆರಳು ತೋರುಬೆರಳಿನ ಗೆಣ್ಣಿನ ಮೇಲಿತ್ತು. ಪಡಸಾಲೆಯ ಕಂಬಗಳನ್ನೋ ಏನನ್ನೋ ಎಣಿಸುತ್ತಿತ್ತು.

ಅವಳು ಟವೆಲ್ಲು ಮುಟ್ಟಿದಳು. "ಅವತ್ತ ಬಲಗೈ ಈ ವಲ್ಲಿ ಕೆಳಗ ಗುಟ್ಟ ಹೇಳಾಕತ್ತಿತ್ತು. ಎಡಗೈ ತೊಡಿ ಮ್ಯಾಲ ಒಂದ, ಎರಡ, ಮೂರ, ನಾಕ ಅಂತ ಎಣಿಸಿ ಅಲ್ಲೇ ನಿಂತಿತ್ತು. ಕಾಯಿಪಲ್ಲೆ ಮಾರಾಕಿ ನಾ. ಗಿರಾಕಿ ಕೈ ನೋಡದ ದರ ಹೇಳ್ತೇನೇನ್ರಿ?"

ವಿಠ್ಠಲ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡ. ಆಮೇಲೆ ಕೇಳಿದ: "ಚೌಡಪ್ಪಗ ಗೊತ್ತಿತ್ತೇನು ಇದು?"

"ಬಸ್ಸಿನ್ಯಾಗ ನಾನೂ ಅದನ್ನ ಕೇಳಿದೆ. ಮೊದಲ್ನೇ ದಿನದಿಂದ ಗೊತ್ತೈತಿ ಅಂದ್ರು. ಅದಕ್ಕ ನಿಮ್ಮ ಎಡಕ್ಕ ಕುಂದರತಿದ್ರಂತ, ವಲ್ಲಿ ತುದಿ ನಿಮ್ಮ ಕೈ ಮ್ಯಾಲ ಬೀಳೂ ಹಂಗ. ಅವತ್ತ ಬೆನ್ನ ನೋವು ಅಂತ ಗ್ವಾಡಿಗೆ ಹೋದ್ರು, ನನಗ ಕಂಡ್ತು. ಅದು ಬೆನ್ನ ನೋವಲ್ಲ, ಎದಿದು ಅಂತ ಆಗ ನಮಗ್ಯಾರಿಗೆ ಗೊತ್ತಿತ್ತು."

"ನನಗರ ಒಂದ ಮಾತ ಹೇಳಬೇಕಿಲ್ಲ?"

"ನಾನೂ ಅಂದೆ. ಹೇಳಿದ್ರ ಸಾಹೇಬ್ರು ಕೈ ಕಟಗೊಂಡ ಕುಂದರತಾರ, ಆಟ ಕೆಡತೈತಿ ಅಂದ್ರು."

ಹೊರಗೆ ಎತ್ತು ಕೊರಳು ಕೊಡವಿದ ಸದ್ದಾಯಿತು. ಶಾರವ್ವ ಟವೆಲ್ಲಿನ ಬಿಚ್ಚಿದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಐತವಾರ ಹೋಗಿ ತಿಳಿಸಿ ಹೇಳಿ ಬರ್ರಿ ಅಂತ ನಾ ಬಡಕೊಂಡೆ. ಕೇಳ್ಲಿಲ್ಲ. ಇಷ್ಟ ವರ್ಷ ನಾನ ಹೋಗೇನಿ, ಈ ಸಲ ಅವರ ಬರ್ಲಿ ಅಂದ್ರು. ವಲ್ಲಿ ಅಲ್ಲೇ ಇಟ್ಟ ಬಂದೇನಿ, ತಗೊಂಡ ಬರ್ತಾರ ಅಂದ್ರು. ಬಸ್ ಬಂದಾಗೊಮ್ಮೆ ಬಾಗಲಕ್ಕ ಬಂದ ನಿಂದರತಿದ್ರು."

ಬಿಟ್ಟಿಲ್ರಿ, ಇಟ್ಟೇನಿ. ಸಂತೆಯ ಆ ಮಾತು ವಿಠ್ಠಲನಿಗೆ ಈಗ ನೆನಪಾಯಿತು. ಎಷ್ಟು ಸಲ ಆ ಟವೆಲ್ಲು ಎತ್ತಿನ ಬೆನ್ನ ಮೇಲೆ ಬಿದ್ದಿದ್ದನ್ನು ನೋಡಿದ್ದ. ಎಷ್ಟು ಸಲ ಚಹಾ ಕುಡಿಯುತ್ತ ತಾನೂ ಅವನ ಜೊತೆ ಕಾದಿದ್ದ, ಮುನಿಸಿಕೊಂಡು ಹೋದವನು ತಿರುಗಿ ಬರಲಿ ಎಂದು. ತನ್ನ ಮನೆಯ ಗೂಟದ ಮೇಲೆ ಹತ್ತೊಂಬತ್ತು ದಿನ ಅದನ್ನು ನೋಡಿ, ಮರೆತು ಹೋಗಿದ್ದಾನೆ ಎಂದುಕೊಂಡಿದ್ದ. ಇವನು ಅಲ್ಲಿ ಕಟ್ಟೆಯ ಮೇಲೆ ಬಸ್ಸಿಗೆ ಕಾಯುವಾಗ ಅವನು ಇಲ್ಲಿ ಬಾಗಿಲಲ್ಲಿ ಅದೇ ಬಸ್ಸಿಗೆ ಕಾಯುತ್ತಿದ್ದ. ಪಾಳಿ ಯಾರದು ಎಂಬುದು ಚೌಡಪ್ಪನಿಗೆ ಸ್ಪಷ್ಟವಿತ್ತು.

"ತಪ್ಪಾತು ಶಾರವ್ವ," ಎಂದ ಕೊನೆಗೆ. "ಅವಗ ಹೇಳಬೇಕಾಗಿತ್ತು. ನಿನಗ ಹೇಳ್ತೇನಿ."

ಅವಳು ಒಳಗೆ ಹೋಗಿ ಚಹಾ ಮಾಡಿ ತಂದಳು. ಅವನು ಕುಡಿದು ಎದ್ದಾಗ ಟವೆಲ್ಲನ್ನು ಮತ್ತೆ ಅದೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟಳು.

"ಇದನ್ನ ಒಯ್ರಿ. ಅವರ ಎಲ್ಲಿ ಇಟ್ಟಾರೋ ಅಲ್ಲೇ ಇರ್ಲಿ. ನಂಗ ಈಗ ಆಗಂಗಿಲ್ಲ. ಆದಾಗ ಬರ್ತೇನಿ."

ನಾಲ್ಕು ತಿಂಗಳು ಡಬ್ಬಿಯನ್ನು ಯಾರೂ ಬಿಚ್ಚಲಿಲ್ಲ. ಎಳ್ಳಮಾವಾಸ್ಯೆ ಕಳೆದ ಮೇಲಿನ ಒಂದು ಐತವಾರ ಶಾರವ್ವ ಚೀಲದ ತುಂಬ ಎಳೆಯ ಕಡಲೆಗಿಡ ಹೊತ್ತುಕೊಂಡು ಬಂದಳು. ಸುಮನಬಾಯಿಯ ಜೊತೆ ಕೂತು ಕಾಯಿ ಬಿಡಿಸಿದಳು, ತನ್ನ ಸೊಸೆಯ ಮೇಲೆ ಒಂದಿಷ್ಟು ದೂರು ಹೇಳಿದಳು. ಆಮೇಲೆ "ಎಲ್ಲೈತವಾ ನಿನ್ನ ದ್ವೀಪ" ಎಂದು ಸುಮೇಧಾಳನ್ನು ಕೇಳಿದಳು.

ಸುಮೇಧಾ ಹಲಗೆ ಜೋಡಿಸಿದಳು. ಮೂವರೇ ಆಗುತ್ತೇವಲ್ಲ ಎಂದು ಅವಳು ತಾಯಿಯ ಮುಖ ನೋಡಿದಾಗ ಸುಮನಬಾಯಿ ಕೈ ಒರೆಸಿಕೊಂಡು, "ನನಗೂ ನಾಕ ಕಾರ್ಡ ಹಾಕು, ಕಲತರ ಕಲತೆ," ಎಂದು ಚೌಡಪ್ಪ ಒರಗಿದ್ದ ಗೋಡೆಯ ಕಡೆ ಕೂತಳು. ಶಾರವ್ವ ಸುತ್ತ ನೋಡಿ, ಬಂದು ವಿಠ್ಠಲನ ಎಡಕ್ಕೆ ಕೂತಳು. ಗೂಟದ ಮೇಲಿನ ಟವೆಲ್ಲನ್ನು ತೆಗೆಸಿಕೊಂಡು, ಇಸ್ತ್ರಿಯ ಮಡಿಕೆ ಬಿಚ್ಚಿ, ಅವನ ಎಡಗೈ ಮುಚ್ಚುವಂತೆ ಅವನ ತೊಡೆಯ ಮೇಲೆ ಹರವಿದಳು.

"ಅಪ್ಪಾ, ನಿನ್ನ ಪಾಳಿ," ಎಂದಳು ಸುಮೇಧಾ.

ವಿಠ್ಠಲ ಕಾರ್ಡುಗಳನ್ನು ನೋಡಿಕೊಂಡ. ಟವೆಲ್ಲಿನ ಕೆಳಗೆ ಹೆಬ್ಬೆರಳು ಮೊದಲ ಗೆಣ್ಣಿನಿಂದ ಎಣಿಸತೊಡಗಿತು. ಈ ಸಲ ಅದು ಅವನಿಗೆ ಗೊತ್ತಾಗುತ್ತಿತ್ತು. ನಿಲ್ಲಿಸಲಿಲ್ಲ.